ಓಂಕಾರಣ್ಣನ ಬೆಳಗಿನ ತಿಂಡಿ

ಓಂಕಾರಣ್ಣ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಕಬ್ಬಿಣದ ಗೇಟಿರಲಿ, ನಲ್ಲಿಯಿರಲಿ, ಕಾಫಿ ಲೋಟವಿರಲಿ, ಬೆರಳುಗಳ ಹಿಂಬದಿಯಿಂದ ಒಮ್ಮೆ ಸವರಿ, ಅರೆಗಳಿಗೆ ನಿಂತು, ಆಮೇಲೆ ಹಿಡಿಯುತ್ತಿದ್ದರು. ಒಂದು ದಿನ ನಮ್ಮ ಬೀದಿಯ ನಾಯಿಯ ತಲೆಯನ್ನೂ ಹಾಗೆಯೇ ಹಿಂಗೈಯಿಂದ ಪರೀಕ್ಷೆ ಮಾಡಿ ನಂತರ ನೇವರಿಸಿದ್ದನ್ನು ಕಂಡು ನಾನು ನಕ್ಕುಬಿಟ್ಟೆ.

"ನಗ್ಬೇಡಿ ತಾಯಿ," ಎಂದರು. "ಅಂಗೈಲಿ ಮುಟ್ಟಿದಾಗ ಕರೆಂಟ್ ಇದ್ರೆ ಕೈ ತಾನಾಗೇ ಮುಚ್ಕಂಡ್ಬಿಡ್ತದೆ. ಬಿಡು ಅಂದ್ರೂ ಬಿಡಲ್ಲ. ಹಿಂಗೈ ಆದ್ರೆ ಈಚೆಗೆ ಬತ್ತದೆ. ಮೂವತ್ತು ವರ್ಸದ ಅಭ್ಯಾಸ, ಈಗ ಬಿಡು ಅಂದ್ರೆ ಹೆಂಗೆ? ಮೊಮ್ಮಗಳು ಹುಟ್ಟಿದಾಗ ಕೆನ್ನೆ ಮುಟ್ಟಿದ್ದೂ ಹಿಂಗೇಯ. ನಮ್ ಮನೆಯೋಳು ಬೈದ್ಲು."

ಓಂಕಾರಣ್ಣ ಅಜ್ಜಂಪುರದ ಕಡೆ ಲೈನ್‌ಮ್ಯಾನ್ ಆಗಿದ್ದರು. ಹುಟ್ಟೂರು ಕಡೂರು ತಾಲ್ಲೂಕಿನ ಯಗಟಿ. ಸಣಕಲು ಮೈ, ಮಾಸಿದ ಖಾಕಿ ಅಂಗಿ, ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಳೆಯ ಸುಟ್ಟಗಾಯದ ಗುರುತು. ಅವರ ಬೈಕಿನ ಹಿಂದಿನ ಸೀಟಿನಲ್ಲಿ ಮನುಷ್ಯರು ಕೂತದ್ದನ್ನು ನಾನು ನೋಡಿಲ್ಲ. ಅಲ್ಲಿ ಯಾವಾಗಲೂ ಹಗ್ಗದ ಸುರುಳಿ, ಸೊಂಟದ ಬೆಲ್ಟು ಮತ್ತು ಸಾಮಾನಿನ ಚೀಲ. ಅವರ ಲೈನಿನ ಉದ್ದಕ್ಕೂ ಯಾವ ಹೊಲದ ಬದುವಿನಲ್ಲಿ ಯಾವ ಕಂಬ ವಾಲಿದೆ, ಯಾವ ಬೇವಿನ ಕೊಂಬೆ ಗಾಳಿ ಬಂದರೆ ತಂತಿಗೆ ತಾಗುತ್ತದೆ, ಯಾವ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯೊಳಗೆ ಓತಿಕ್ಯಾತ ಮನೆ ಮಾಡಿದೆ, ಎಲ್ಲವೂ ಅವರ ತಲೆಯಲ್ಲಿತ್ತು. ಕಾಗದದ ಮೇಲೆ ಇದರಲ್ಲಿ ಕಾಲುಭಾಗವೂ ಇರಲಾರದು.

ನಾನು ಅಜ್ಜಂಪುರಕ್ಕೆ ಬಂದದ್ದು ಗಂಡನ ವರ್ಗಾವಣೆಯ ಬೆನ್ನಿಗೆ. ಅವರು ಹೈಸ್ಕೂಲು ಮೇಷ್ಟ್ರು. ನಾನು ಹದಿನೇಳು ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು, ಬಳಲಿ, ಇನ್ನು ಸಾಕು ಎಂದು ಎದ್ದು ಬಂದವಳು. ಎದ್ದು ಬಂದೆ ಎಂದರೆ ಪೂರ್ತಿ ಬಂದಿರಲಿಲ್ಲ. ಹಳೆಯ ಕಂಪನಿಯ ಒಂದು ಗುತ್ತಿಗೆ ಕೆಲಸವನ್ನು ಲ್ಯಾಪ್‌ಟಾಪಿನ ಜೊತೆಗೇ ಕಟ್ಟಿಕೊಂಡು ಬಂದಿದ್ದೆ. ಕುಡಿತ ಬಿಟ್ಟೆ ಎಂದು ಹೇಳಿಕೊಂಡು ಹಬ್ಬಕ್ಕೆ ಮಾತ್ರ ಎನ್ನುವವರಿರುತ್ತಾರಲ್ಲ, ಹಾಗೆ.

ನನ್ನ ಕೆಲಸ ಏನೆಂದು ನಮ್ಮತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ದೊಡ್ಡ ದೊಡ್ಡ ವ್ಯಾಪಾರಸ್ಥರ ಕಂಪ್ಯೂಟರುಗಳು ನಿಂತುಹೋಗದಂತೆ ನೋಡಿಕೊಳ್ಳುವುದು, ನಿಂತರೆ ಓಡಿಬಂದು ಎಬ್ಬಿಸುವುದು, ಇಷ್ಟೇ. ನಿಂತಾಗ ನಾವೆಲ್ಲ ಸೇರುವ ಕೋಣೆಗೆ ವಾರ್ ರೂಮ್ ಎಂದು ಹೆಸರು. ಆ ಯುದ್ಧಭೂಮಿಯಲ್ಲಿ ಅಷ್ಟೂ ವರ್ಷ ಯಾರಿಗಾದರೂ ಆದ ಅತಿ ದೊಡ್ಡ ಗಾಯವೆಂದರೆ ಬಿಸಿ ಪಿಜ್ಜಾ ತಾಗಿ ನಾಲಿಗೆ ಸುಟ್ಟದ್ದು. ಆದರೂ ನಮ್ಮ ಮಾತು ಕೇಳಬೇಕಿತ್ತು. "ಇದು ಇವತ್ತೇ ಹೋಗದಿದ್ದರೆ ಸತ್ತೆವು" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆವು. ಯಾರೂ ಸಾಯುತ್ತಿರಲಿಲ್ಲ. ಮರುದಿನ ಹತ್ತು ಗಂಟೆಗೆ ಎಲ್ಲರೂ ಬಂದು ಮತ್ತೆ ಅದನ್ನೇ ಹೇಳುತ್ತಿದ್ದರು.

ಅಜ್ಜಂಪುರದಲ್ಲಿ ನಮಗೆ ಸಿಕ್ಕ ಬಾಡಿಗೆ ಮನೆ ಊರಿನ ಅಂಚಿನದು. ಹಿತ್ತಲು ದಾಟಿದರೆ ಈರುಳ್ಳಿ ಹೊಲಗಳು, ಬಯಲು ಗಾಳಿ. ಬಂದ ಮೊದಲ ವಾರದಲ್ಲೇ ಗಾಳಿಗೆ ಕರೆಂಟು ಹೋಯಿತು. ನಾಲ್ಕಾರು ನಂಬರುಗಳಿಗೆ ಫೋನ್ ಮಾಡಿ, ಕೊನೆಗೆ ಶಾಲೆಯ ಜವಾನರು ಕೊಟ್ಟ ನಂಬರು ಹಿಡಿದು ಓಂಕಾರಣ್ಣನನ್ನು ಮಾತಾಡಿಸಿದೆ. ಹಳೆಯ ಅಭ್ಯಾಸ ಎಲ್ಲಿ ಹೋಗಬೇಕು? ಎಷ್ಟು ಹೊತ್ತಿಗೆ ಸರಿಹೋಗುತ್ತದೆ, ಒಂದು ಟೈಮ್ ಹೇಳಿ ಎಂದೆ.

"ತೊಂದ್ರೆ ಎಲ್ಲೈತೆ ಅಂತ ಸಿಗ್ಲಿ ತಾಯಿ, ಆಮೇಲೆ ಹೇಳ್ತೀನಿ."

"ಸುಮಾರಾಗಿ ಹೇಳಿ, ಪರವಾಗಿಲ್ಲ."

"ಸುಮಾರಾಗಿ ಹೇಳಿದ್ರೆ ಅದು ಸುಳ್ಳಾಯ್ತದೆ ಕಣವ್ವಾ. ಸುಳ್ಳು ಯಾಕೆ ಹೇಳ್ಲಿ?"

ಹದಿನೇಳು ವರ್ಷದಲ್ಲಿ ಯಾರೂ ನನಗೆ ಈ ಉತ್ತರ ಕೊಟ್ಟಿರಲಿಲ್ಲ. ನಾನೂ ಯಾರಿಗೂ ಕೊಟ್ಟಿರಲಿಲ್ಲ. ನಮ್ಮಲ್ಲಿ ಗೊತ್ತಿಲ್ಲ ಎನ್ನುವವನಿಗೆ ಬಡ್ತಿಯಿಲ್ಲ. ಆದ್ದರಿಂದ ಎರಡು ದಿನ ಎಂದು ಒಬ್ಬ ಹೇಳುವುದು, ಅದನ್ನು ಅವನ ಮೇಲಿನವನು ಒಂದೂವರೆ ಮಾಡುವುದು, ಅವನ ಮೇಲಿನವನು ಗ್ರಾಹಕನಿಗೆ ನಾಳೆ ಬೆಳಗ್ಗೆ ಎನ್ನುವುದು. ಆ ನಾಳೆ ಬೆಳಗ್ಗೆಯೊಳಗೆ ನಮ್ಮ ಜನರ ಮಕ್ಕಳ ಹುಟ್ಟುಹಬ್ಬಗಳೂ ಊಟ ನಿದ್ದೆಗಳೂ ಕರಗಿ ಹೋಗುತ್ತಿದ್ದವು. ಓಂಕಾರಣ್ಣನ ಉತ್ತರಕ್ಕೆ ಆ ದಿನ ನನಗೆ ಸಿಟ್ಟೇ ಬಂದಿತ್ತು ಎಂಬುದನ್ನೂ ಹೇಳಿಬಿಡಬೇಕು.

ಟ್ರಾನ್ಸ್‌ಫಾರ್ಮರು ನಮ್ಮ ಕಾಂಪೌಂಡಿನಿಂದ ಇಪ್ಪತ್ತು ಹೆಜ್ಜೆ. ಹಾಗಾಗಿ ಆ ಭಾಗದ ಯಾವ ತೊಂದರೆಗೂ ಓಂಕಾರಣ್ಣ ಮೊದಲು ನಮ್ಮ ಗೇಟಿನ ಮುಂದೆಯೇ ಬೈಕು ನಿಲ್ಲಿಸಬೇಕು. ಅವರು ಕಂಬ ಹತ್ತುವುದನ್ನು ನಾನು ಮೊದಲು ನೋಡಿದ್ದು ಅಡುಗೆಮನೆಯ ಕಿಟಕಿಯಿಂದ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸಾಸಿವೆ ಸೀಯುವವರೆಗೂ ನೋಡುತ್ತಲೇ ನಿಂತೆ. ಚಪ್ಪಲಿ ಬಿಟ್ಟು, ಪಾದಗಳಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು, ಅವಸರವಿಲ್ಲದೆ, ಪ್ರತಿ ಹೆಜ್ಜೆಗೂ ಒಮ್ಮೆ ನಿಂತು ಏರುತ್ತಿದ್ದರು. ಮೇಲೆ ಹೋದ ಮೇಲೆ ಬೆಲ್ಟು ಬಿಗಿದು, ಅದಕ್ಕೆ ಮೈಭಾರ ಬಿಟ್ಟು, ಐವತ್ತೆಂಟು ವರ್ಷದ ಮನುಷ್ಯ ಆ ಗಾಳಿಯಲ್ಲಿ ಆರಾಮ ಕುರ್ಚಿಯಲ್ಲಿ ಕೂತಂತೆ ಒರಗಿಕೊಂಡು ತಂತಿ ಬಿಗಿಯುತ್ತಿದ್ದರು. ಇಂಥ ಕೆಲಸವನ್ನು ನಾನು ಅದುವರೆಗೆ ಹತ್ತಿರದಿಂದ ನೋಡಿಯೇ ಇರಲಿಲ್ಲ.

ಅವಸರ ಮಾಡುವವರನ್ನು ಅವರು ನಿಭಾಯಿಸುವ ರೀತಿಯೇ ಬೇರೆ. ಒಮ್ಮೆ ಪಕ್ಕದ ಬೀದಿಯ ಸಮಾರಂಭದ ಮನೆಯಿಂದ ಗರಿಗರಿ ಬಿಳಿ ಅಂಗಿಯ ಯಜಮಾನರೊಬ್ಬರು ಬಂದು, ಐದು ನಿಮಿಷದಲ್ಲಿ ಕರೆಂಟು ಬರದಿದ್ದರೆ ಯಾರ್ಯಾರಿಗೆ ಫೋನು ಹೋಗುತ್ತದೆ ಎಂದು ಕಂಬದ ಬುಡದಲ್ಲಿ ನಿಂತು ಕೂಗತೊಡಗಿದರು. ಓಂಕಾರಣ್ಣ ನಿಧಾನವಾಗಿ ಇಳಿದು ಬಂದರು. ಬೆಲ್ಟು ಬಿಚ್ಚಿ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದರು.

"ತಗಳಿ ಯಜಮಾನ್ರೇ. ನೀವು ಹತ್ತಿದ್ರೆ ಐದು ನಿಮಿಷ. ನಾನಾದ್ರೆ ಮುಕ್ಕಾಲು ಗಂಟೆ. ಹೆಂಗೆ, ಹೇಳಿ?"

ಯಜಮಾನರು ಬೆಲ್ಟನ್ನು ನೋಡಿದರು, ಕಂಬದ ತುದಿಯನ್ನು ನೋಡಿದರು, "ನೋಡ್ಕಂಡು ಮಾಡಪ್ಪ" ಎಂದು ಹೊರಟುಹೋದರು. ಮತ್ತೆ ಬೆಲ್ಟು ಕಟ್ಟಿಕೊಳ್ಳುತ್ತ ಓಂಕಾರಣ್ಣ ನನಗೆ ಹೇಳಿದರು: "ಅರ್ಜೆಂಟು ಅನ್ನೋದು ಕೆಳಗೆ ನಿಂತೋರಿಗೆ ತಾಯಿ. ಮೇಲಿರೋನಿಗೆ ಅರ್ಜೆಂಟು ಇರ್ಬಾರ್ದು."

ಹತ್ತುವ ಮುಂಚೆ ಅವರು ತಮ್ಮ ಹಳೆಯ ಬಟನ್ ಫೋನನ್ನು ಕೆಳಗಿರುವ ಯಾರದಾದರೂ ಕೈಗೆ ಕೊಡುತ್ತಿದ್ದರು. ಜೇಬಿನಲ್ಲಿದ್ದರೆ ಅದು ಬಡಿದುಕೊಳ್ಳುತ್ತಲೇ ಇರುತ್ತದೆ, ಮೇಲಿರುವವನ ಗಮನ ತಪ್ಪುತ್ತದೆ ಎಂಬುದು ಕಾರಣ. ಬರಬರುತ್ತ ಆ ಕೆಲಸ ನನ್ನದೇ ಆಯಿತು. ನಾನು ಅವರ ಸೆಕ್ರೆಟರಿಯಂತೆ ಗೇಟಿನ ಬಳಿ ನಿಂತು, "ಹೌದು, ಕೆಲಸ ನಡೀತಿದೆ, ಇಲ್ಲ, ಟೈಮ್ ಹೇಳಕ್ಕಾಗಲ್ಲ" ಎಂದು ಊರಿಗೆಲ್ಲ ಉತ್ತರ ಕೊಡುತ್ತಿದ್ದೆ. ಆ ಮಾತು ಹೇಳುವಾಗ ಒಂದು ಬಗೆಯ ಖುಷಿಯೂ ಆಗುತ್ತಿತ್ತು.

ಫೋನು ನನಗೆ ಕೊಡುವ ಮುಂಚೆ ಅವರು ಸ್ಟೇಷನ್ನಿಗೆ, ಅಂದರೆ ನಮ್ಮ ಲೈನಿಗೆ ಕರೆಂಟು ಬಿಡುವ ಜಾಗಕ್ಕೆ, ಒಂದು ಕರೆ ಮಾಡುತ್ತಿದ್ದರು. ಅಲ್ಲಿ ಹಾಲೇಶ ಎಂಬ ಹುಡುಗ ಆಪರೇಟರು. ತರೀಕೆರೆ ಕಡೆಯವನು, ಮೂವತ್ತರ ಆಸುಪಾಸು. ಅವನು ಲೈನಿನ ಕರೆಂಟು ಆರಿಸಿ, ಪುಸ್ತಕದಲ್ಲಿ ಬರೆದುಕೊಂಡು, ಚೀಟಿಯ ನಂಬರು ಕೊಟ್ಟು, ಈಗ ಹತ್ತಬಹುದು ಎನ್ನಬೇಕು. ಇದಕ್ಕೆ ಎಲ್‌ಸಿ ತೆಗೆದುಕೊಳ್ಳುವುದು ಎನ್ನುತ್ತಾರೆ. ಎಲ್‌ಸಿ ತೆಗೆದುಕೊಂಡವರೇ ಕೆಳಗಿಳಿದು ಅದನ್ನು ವಾಪಸ್ಸು ಕೊಡುವವರೆಗೆ ಹಾಲೇಶ ಸ್ವಿಚ್ಚು ಮುಟ್ಟುವಂತಿಲ್ಲ. ಇದನ್ನೆಲ್ಲ ಓಂಕಾರಣ್ಣನೇ ನನಗೆ ವಿವರಿಸಿದ್ದರು. ನಾನು ತಲೆಯಾಡಿಸಿದ್ದೆ. ನಮ್ಮಲ್ಲೂ ಇಂಥ ಅನುಮತಿಗಳು ಬೇಕಾದಷ್ಟಿದ್ದವು. ಅನುಮತಿ ಕೊಡಬೇಕಾದ ಮೇನೇಜರು ರಜೆಯಲ್ಲಿದ್ದರೆ ಅವರ ಪಾಸ್‌ವರ್ಡು ನಮಗೇ ಗೊತ್ತಿರುತ್ತಿತ್ತು. ಅವರ ಹೆಸರಿನಲ್ಲಿ ನಾವೇ ಒತ್ತಿ ಮುಂದೆ ಹೋಗುತ್ತಿದ್ದೆವು.

ಆ ಕರೆಯ ಕೊನೆಗೆ ಓಂಕಾರಣ್ಣ ಪ್ರತಿಸಲವೂ ತಿಂಡಿಯ ಹೆಸರು ಹೇಳುತ್ತಿದ್ದರು. "ಮುದ್ದೆ" ಎನ್ನುತ್ತಿದ್ದರು ಒಂದು ದಿನ. "ದೋಸೆ" ಎನ್ನುತ್ತಿದ್ದರು ಇನ್ನೊಂದು ದಿನ. ಇಳಿದು ಬಂದು ಮಾಡುವ ಕರೆಯಲ್ಲಿ ಮತ್ತೆ ಅದೇ ಹೆಸರು. ಊಟದ ಸುದ್ದಿ ಎತ್ತದೆ ಈ ಕಡೆಯವರಿಗೆ ಫೋನು ಇಡಲು ಬರುವುದಿಲ್ಲ ಎಂದುಕೊಂಡು ನಾನು ಅದನ್ನು ಗಂಡನಿಗೆ ಹೇಳಿ ನಕ್ಕದ್ದೂ ಉಂಟು.

ಈಗ ಆ ದಿನದ ಮಾತು. ಇದನ್ನು ಬರೆಯಲು ನಾನು ಬಹಳ ದಿನ ಹಿಂದೆಮುಂದೆ ನೋಡಿದ್ದೇನೆ.

ಹಿಂದಿನ ಸಂಜೆಯಿಂದ ಗಾಳಿಗೆ ಕರೆಂಟು ಹೋಗಿತ್ತು. ಮನೆಯ ಯುಪಿಎಸ್ ಬೆಳಗ್ಗೆಯೇ ಕೈಕೊಟ್ಟಿತು. ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಚಿಟಿಕೆ ಜೀವ. ಮಧ್ಯಾಹ್ನ ಎರಡಕ್ಕೆ ವಿದೇಶದ ಗ್ರಾಹಕರ ಮುಂದೆ ನಾನು ಮೂರು ತಿಂಗಳ ಕೆಲಸವನ್ನು ತೋರಿಸಬೇಕಿತ್ತು. ಓಂಕಾರಣ್ಣ ಹನ್ನೆರಡರ ಹೊತ್ತಿಗೆ ಬಂದು, ಎರಡಕ್ಕೆ ನನಗೆ ಮೀಟಿಂಗಿದೆ ಎಂಬುದನ್ನು ಕೇಳಿಕೊಂಡು, ನನ್ನ ಎದುರಿಗೇ ಹಾಲೇಶನಿಗೆ ಕರೆ ಮಾಡಿ, ಫೋನು ನನ್ನ ಕೈಗಿಟ್ಟು ಹತ್ತಿದರು. ನಾನು ಮನಸ್ಸಿನಲ್ಲೇ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅವರು ಆ ದಿನ ಯಾವ ತಿಂಡಿಯ ಹೆಸರು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ.

ಒಂದೂಕಾಲಿಗೆ ಅವರು ಕೆಳಗಿಳಿದರು. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಹೊಲದ ಬದು ಹಿಡಿದು, ಹುಣಸೆ ಮರಗಳ ಆಚೆ ತಿರುವಿನಲ್ಲಿ ಮರೆಯಾದರು. ಹಗ್ಗ ಸುತ್ತಿದ್ದನ್ನು ಕಂಡು ನಾನು ಕೆಲಸ ಮುಗಿಯಿತು ಎಂದುಕೊಂಡೆ. ಐದು ನಿಮಿಷ ಕಾದೆ. ಹತ್ತು ನಿಮಿಷ ಕಾದೆ. ಆಮೇಲೆ ಅವರ ಫೋನಿನಿಂದಲೇ ಹಾಲೇಶನ ನಂಬರು ಒತ್ತಿದೆ.

"ಹೇಳಿ ಓಂಕಾರಣ್ಣ," ಎಂದ.

"ನಾನು ಮೇಷ್ಟ್ರ ಮನೆಯವಳು. ಇಲ್ಲಿ ಕೆಲಸ ಮುಗೀತು. ಲೈನ್ ಚಾರ್ಜ್ ಮಾಡಬಹುದಂತೆ."

"ಅವರಿಗೆ ಕೊಡಿ ಫೋನು."

"ಅವರು ಸ್ವಲ್ಪ ದೂರ ಇದ್ದಾರೆ. ನೀವೇ ಹೇಳಿ ಅಂದರು."

ಹೀಗೆ ಅವರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಎರಡು ಸಲ ಹೇಳಿದೆ. ದನಿ ಒಂದಿಷ್ಟೂ ನಡುಗಲಿಲ್ಲ. ವಾರ್ ರೂಮಿನಲ್ಲಿ ಹದಿನೇಳು ವರ್ಷ ಪಳಗಿದ ದನಿ ಅದು.

ಹಾಲೇಶ ಕೇಳಿದ: "ಹಂಗಾರೆ ಬೆಳಗ್ಗೆ ಅವರು ಏನ್ ತಿಂದಿದ್ರು ಅಂತ ಹೇಳಿ ಮೇಡಂ."

"ಏನು?"

"ಬೆಳಗ್ಗೆ ಏನ್ ತಿಂದ್ರು, ಓಂಕಾರಣ್ಣ."

ನನಗೆ ರೇಗಿಹೋಯಿತು. ಗಡಿಯಾರ ಓಡುತ್ತಿದೆ, ಇವನಿಗೆ ತಿಂಡಿಯ ಚಿಂತೆ. "ದೋಸೆ ತಿಂದ್ರು, ಈಗ ಕರೆಂಟ್ ಕೊಡ್ತೀರಾ?" ಎಂದೆ.

"ದೋಸೆ ಅಲ್ಲ. ಇಡ್ರಿ ಫೋನು," ಎಂದು ಅವನೇ ಇಟ್ಟುಬಿಟ್ಟ.

ಓಂಕಾರಣ್ಣನನ್ನು ಹಿಡಿದು ತರಬೇಕೆಂದು ಸಿಟ್ಟಿನಲ್ಲಿ ಬದುವಿನ ಮೇಲೆ ದಾಪುಗಾಲು ಹಾಕಿದೆ. ಹುಣಸೆ ಮರಗಳನ್ನು ದಾಟಿ ತಿರುಗಿದವಳು ಅಲ್ಲೇ ನಿಂತೆ. ಅವರು ಅದೇ ಲೈನಿನ ಮುಂದಿನ ಕಂಬದ ತುದಿಯಲ್ಲಿದ್ದರು. ಬೆಲ್ಟಿಗೆ ಒರಗಿ, ತಂತಿಯನ್ನು ಎರಡೂ ಕೈಯಿಂದ, ಅಂಗೈ ತುಂಬ ಹಿಡಿದಿದ್ದರು. ನಾನು ಈರುಳ್ಳಿ ಹೊಲದ ಬದುವಿನ ಮೇಲೆ ಕುಳಿತುಬಿಟ್ಟೆ.

ಅವರೇ ಮೇಲಿನಿಂದ ನೋಡಿದರು. "ಯಾಕ್ ತಾಯಿ, ಬಿಸ್ಲು ಜಾಸ್ತಿ ಆಯ್ತಾ? ಇಲ್ಲೊಂದು ತಂತಿ ಕೂರೋ ಪಿಂಗಾಣಿ ಬಿರುಕು ಬಿಟ್ಟಿತ್ತು. ಹಿಂಗೇ ಬಿಟ್ರೆ ನಿಮ್ ಮೀಟಿಂಗ್ ಮಧ್ಯದಾಗೇ ಹೋಗ್ಬಿಡ್ತದೆ. ಇನ್ನೊಂದ್ ಚೂರು ತಡ್ಕಳಿ."

ಆ ಕಂಬ ಅವರು ಹತ್ತಿದ್ದು ನನ್ನ ಮೀಟಿಂಗಿಗಾಗಿ.

ಇಳಿದು ಬಂದು ಫೋನಿಗೆ ಕೈ ಚಾಚಿದರು. ಕೊಟ್ಟೆ. ಹಾಲೇಶನಿಗೆ ಕರೆ ಮಾಡಿ "ರೊಟ್ಟಿ" ಎಂದರು. ಆ ಕಡೆಯಿಂದ ಅವನು ಏನೋ ಹೇಳಿದ. ಓಂಕಾರಣ್ಣ "ಹೂಂ" ಎಂದರು. ಅವನು ಇನ್ನೂ ಏನೋ ಹೇಳಿದ. ಇವರು ಮತ್ತೊಮ್ಮೆ "ಹೂಂ" ಎಂದು ಫೋನು ಜೇಬಿಗೆ ಹಾಕಿಕೊಂಡರು. "ಬಂತು ಕರೆಂಟು. ಹೋಗಿ ತಾಯಿ, ಹೊತ್ತಾಯ್ತು," ಎಂದರು.

ಹೋದೆ. ಎರಡು ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪಿನ ಮುಂದೆ ಕುಳಿತು ನಗುತ್ತ ಮಾತಾಡಿದೆ. ಗ್ರಾಹಕರು ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಅದೇ ವಾರ ಆ ಗುತ್ತಿಗೆ ಕೆಲಸವನ್ನೂ ಬಿಟ್ಟೆ. ಗಂಡನಿಗೆ ಸಾಕಾಯಿತು ಎಂದಷ್ಟೇ ಹೇಳಿದೆ. ಓಂಕಾರಣ್ಣ ದೋಸೆ ತಿನ್ನುವುದೂ ಇತ್ತಲ್ಲ, ಆ ಬೆಳಗ್ಗೆ ದೋಸೆಯನ್ನೇ ತಿಂದಿದ್ದರೆ ಎಂಬ ಯೋಚನೆ ತಿಂಗಳುಗಟ್ಟಲೆ ನನ್ನನ್ನು ತಿಂದಿತು.

ಮುಂದಿನ ಸಲ ಲೈನು ಕೆಟ್ಟಾಗ ನಾನು ಒಳಗೆ ಅಡಗಿದ್ದೆ. ಓಂಕಾರಣ್ಣ ಗೇಟು ತೆರೆದು ಬಾಗಿಲಿಗೇ ಬಂದು, "ಹಿಡ್ಕಳಿ ತಾಯಿ" ಎಂದು ಫೋನು ಚಾಚಿದರು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತದೆ. ಹಿಡಿದುಕೊಂಡೆ. ಪಕ್ಕದ ಮನೆಯವರ ಎಳೆಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರ ಕಾಲು ನೆಲಕ್ಕೆ ತಾಗುವವರೆಗೆ ಮೇಲೆ ನೋಡುತ್ತಲೇ ನಿಂತೆ. ಯಾರ ಕರೆ ಬಂದರೂ ಎತ್ತಲಿಲ್ಲ.

ಕೆಲವು ವಾರ ಕಳೆದ ಮೇಲೆ, ಏನೂ ತಿಳಿಯದವಳ ಹಾಗೆ, ಈ ತಿಂಡಿಯ ಲೆಕ್ಕ ಏನು ಎಂದು ಕೇಳಿದೆ. ಅವರು ಎಡತೋಳು ಚಾಚಿ ಸುಟ್ಟಗಾಯವನ್ನು ತೋರಿಸಿದರು.

"ಇದಾದ್ಮೇಲೆ ಶುರುವಾಗಿದ್ದು. ಆ ಕಾಲಕ್ಕೆ ನಾನು ಬೇರೆ ಕಡೆ ಇದ್ದೆ. ಮೇಲೆ ಇದ್ದೀನಿ, ಕೆಳಗೆ ಯಾರೋ ನನ್ ಹೆಸರು ಹೇಳಿ ಎಲ್‌ಸಿ ವಾಪಸ್ ಕೊಟ್ಬಿಟ್ರು. ಚೀಟಿ ನಂಬರೂ ಸರಿಯಾಗೇ ಹೇಳಿದ್ರಂತೆ. ನಂಬರು ಯಾರ್ ಬೇಕಾದ್ರೂ ಓದ್ಬೋದು ಅಲ್ವಾ? ಬೆಳಗ್ಗೆ ನನ್ ಹೊಟ್ಟೆಗೆ ಹೋಗಿದ್ದನ್ನ ಯಾರು ಓದ್ತಾರೆ? ಮಾರನೇ ದಿನಕ್ಕೆ ಅದೂ ಬದ್ಲಾಗಿರ್ತದೆ. ಆಫೀಸಿನ ನಂಬರು ಆಫೀಸಿಗೆ, ಇದು ನಮ್ ನಮ್ಮಲ್ಲಿ."

"ಕೊಟ್ಟವರು ಯಾರು?"

"ಯಾರೋ ಪಾಪ, ಅರ್ಜೆಂಟಿದ್ದೋರು."

"ಹೆಸರು ಗೊತ್ತಿಲ್ವಾ?"

"ಗೊತ್ತೈತೆ. ಹೆಸರು ತಗಂಡು ಏನ್ ಮಾಡ್ತೀರಿ? ಅವರಿಗೂ ವಯಸ್ಸಾಯ್ತು."

ನಾನು ಕೆಲಸ ಮಾಡಿದ ಕಡೆಗಳಲ್ಲಿ ಗುಟ್ಟಿನ ಪದಗಳನ್ನು ಕಾಯುವುದಕ್ಕೇ ಒಂದೊಂದು ವಿಭಾಗವಿತ್ತು. ಅವರು ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡು ಬದಲಾಯಿಸಿ ಎಂದು ಪೀಡಿಸುತ್ತಿದ್ದರು. ನಾವು ಅದನ್ನು ಹಳದಿ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಿದ್ದೆವು. ದಿನಕ್ಕೊಂದು ಬದಲಾಗುವ, ಎಲ್ಲೂ ಬರೆಯಬೇಕಿಲ್ಲದ, ಮರೆಯಲು ಸಾಧ್ಯವೇ ಇಲ್ಲದ ಗುಟ್ಟನ್ನು ಈ ಇಬ್ಬರು ರಾಗಿಮುದ್ದೆ ರೊಟ್ಟಿಗಳಲ್ಲಿ ಇಟ್ಟುಕೊಂಡಿದ್ದರು. ಅದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿತ್ತು. ಒಂದು ಬೆಳಗ್ಗೆ ಓಂಕಾರಣ್ಣ ಮುಖ ಚಿಕ್ಕದು ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಏನಾದ್ರೂ ತಿನ್ನಕ್ಕೆ ಇದ್ರೆ ಕೊಡಿ ತಾಯಿ. ಇವತ್ತು ಏನೂ ತಿಂದಿಲ್ಲ ಅಂದೆ, ಹಾಲೇಶ ಎಲ್‌ಸಿ ಕೊಡ್ತಿಲ್ಲ."

ಖಾಲಿ ಹೊಟ್ಟೆಯವರು ಕಂಬ ಹತ್ತುವಂತಿಲ್ಲ ಎಂಬುದು ಅವರಿಬ್ಬರ ಒಪ್ಪಂದದ ಇನ್ನೊಂದು ಭಾಗ. ಸುಳ್ಳು ಹೇಳಬಹುದಿತ್ತಲ್ಲ, ಹಾಲೇಶನಿಗೆ ಇಲ್ಲಿಂದ ಕಾಣುತ್ತದೆಯೇ ಎಂದೆ. ಅವರಿಗೆ ನನ್ನ ಮಾತೇ ಅರ್ಥವಾದಂತೆ ಕಾಣಲಿಲ್ಲ. ಉಪ್ಪಿಟ್ಟು ಮಾಡಿ ಕೊಟ್ಟೆ. ಕೂತು ತಿಂದು, ನೀರು ಕುಡಿದು, ಫೋನು ಹಚ್ಚಿದರು. "ಮೇಷ್ಟ್ರ ಮನೆ ಉಪ್ಪಿಟ್ಟು. ಜೊತೆಗೆ ಬಾಳೆಹಣ್ಣು." ಆ ನಡುವೆ ಅವರು ತಿಂಡಿಯ ಜೊತೆಗೆ ನೆಂಚಿಕೊಂಡದ್ದನ್ನೂ ಹೇಳತೊಡಗಿದ್ದರು, ರೊಟ್ಟಿಗೆ ಹುಚ್ಚೆಳ್ಳು ಚಟ್ನಿ, ಮುದ್ದೆಗೆ ಹುರುಳಿ ಸಾರು, ಹೀಗೆ. ವಯಸ್ಸಾಗುತ್ತ ಬಾಯಿಚಪಲ ಹೆಚ್ಚಿತು ಎಂದುಕೊಂಡಿದ್ದೆ. ನನ್ನ ಕೈಯ ಉಪ್ಪಿಟ್ಟಿನ ಹೆಸರಿನ ಮೇಲೆ ಅವರು ಕಂಬ ಹತ್ತಿದ ಆ ಬೆಳಗ್ಗೆ ನಿಜ ಹೇಳಿಬಿಡಬೇಕೆಂದು ತುಟಿಯವರೆಗೆ ಬಂದಿತ್ತು. ಹೇಳಲಿಲ್ಲ.

ಮರುವರ್ಷ ಅವರು ನಿವೃತ್ತರಾದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆ ಹಾರವನ್ನೂ ಅವರು ಹಿಂಗೈಯಿಂದ ಮುಟ್ಟಿ ನೋಡಿದ್ದಕ್ಕೆ ಎಲ್ಲರೂ ನಕ್ಕರು. ನಾನು ಚಪ್ಪಾಳೆ ತಟ್ಟುವವರ ನಡುವೆ ನಿಂತಿದ್ದೆ. ಅಲ್ಲೂ ಹೇಳಲಿಲ್ಲ.

ನನ್ನ ಗಂಡನಿಗೆ ತರೀಕೆರೆಗೆ ವರ್ಗವಾಯಿತು. ಸಾಮಾನು ಕಟ್ಟುವ ಮುಂಚೆ ನಾನೊಬ್ಬಳೇ ಬಸ್ಸು ಹಿಡಿದು ಕಡೂರಿಗೆ, ಅಲ್ಲಿಂದ ಯಗಟಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಕಂಪನಿಯಲ್ಲಿ ಏನಾದರೂ ಅನಾಹುತವಾದರೆ ಅದರ ಕಾರಣ ಬರೆಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನನ್ನ ವರದಿ ಓದಿದರೆ ತಪ್ಪು ನಡೆದದ್ದು ತಿಳಿಯುತ್ತಿತ್ತು, ಮಾಡಿದವರು ಯಾರೆಂದು ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲೂ ನನ್ನ ತಲೆಯೊಳಗೆ ಹಾಗೆಯೇ ಬರುತ್ತಿತ್ತು: ಕರೆ ಮಾಡಲಾಯಿತು, ಮಾಹಿತಿ ತಪ್ಪಾಗಿ ತಲುಪಿತು. ಬೇಸಾಯದ ಹೊಲಗಳು, ತೆಂಗಿನ ತೋಟಗಳು, ಕುರಿಮಂದೆಗಳು ಹಿಂದೆ ಹೋದವು. ಯಗಟಿಯಲ್ಲಿ ಇಳಿಯುವ ಹೊತ್ತಿಗೆ ಒಂದು ವಾಕ್ಯವೂ ಉಳಿದಿರಲಿಲ್ಲ.

ಓಂಕಾರಣ್ಣ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದ ಹೆಂಡತಿಗೆ ಕಲ್ಲು ಆರಿಸಿಕೊಡುತ್ತಿದ್ದರು. ನನ್ನನ್ನು ಕಂಡು ಎದ್ದು, "ಏನ್ ತಾಯಿ, ಇಷ್ಟು ದೂರ!" ಎಂದರು. ಅವರ ಹೆಂಡತಿ ಮಜ್ಜಿಗೆ ತರಲು ಒಳಗೆ ಹೋದರು. ಅವರು ಬರುವ ಮುಂಚೆ ಹೇಳಿಬಿಡಬೇಕೆಂದು ಕೂತ ತಕ್ಷಣ ಹೇಳಿದೆ.

"ಓಂಕಾರಣ್ಣ, ಅವತ್ತು ನೀವು ಹುಣಸೆ ಮರದ ಹತ್ರ ಕಂಬದ ಮೇಲಿದ್ದಾಗ, ಹಾಲೇಶನಿಗೆ ಫೋನ್ ಮಾಡಿ ಲೈನ್ ಚಾರ್ಜ್ ಮಾಡಿ ಅಂದಿದ್ದು ನಾನು. ನಿಮ್ಮ ಹೆಸರು ಹೇಳಿ ಸುಳ್ಳು ಹೇಳಿದೆ. ದೋಸೆ ಅಂದೆ."

"ಗೊತ್ತು ಕಣವ್ವಾ," ಎಂದರು.

ನಾನು ಅವರ ಮುಖ ನೋಡಿದೆ.

"ಇಳಿದ್ ತಕ್ಷಣ ಹಾಲೇಶ ಹೇಳಿದ್ನಲ್ಲ. ಅವನಿಗೆ ಕೈಕಾಲೇ ಆಡ್ತಿರ್ಲಿಲ್ಲ. ಅವತ್ತು ನಾನು ದೋಸೆ ತಿಂದಿದ್ರೆ ಏನ್ ಗತಿ ಅಂತ ಇಬ್ರೂ ಕೂತು ಯೋಚ್ನೆ ಮಾಡಿದ್ವಿ. ಒಂದು ಹೆಸ್ರಾದ್ರೆ ಯಾರ್ ಬೇಕಾದ್ರೂ ಅಂದಾಜಿಗೆ ಹೇಳ್ಬೋದು. ಅದಕ್ಕೇ ಚಟ್ನಿನೂ ಸೇರಿಸ್ಕಂಡ್ವಿ. ನಿಮ್ಮಿಂದ ಒಂದ್ ಒಳ್ಳೇದೇ ಆಯ್ತು."

ಆ ವರ್ಷವೆಲ್ಲ ಅವರು ನಮ್ಮ ಮನೆಯಲ್ಲಿ ಕುಡಿದ ಕಾಫಿ, ಬಾಗಿಲಲ್ಲಿ ನಿಂತು ಆಡಿದ ಮಾತು, ಕೂತು ತಿಂದ ಆ ಉಪ್ಪಿಟ್ಟು, ಎಲ್ಲವೂ ಗೊತ್ತಿದ್ದುಕೊಂಡೇ. ನನಗೆ ಅಳು ಬಂತು. ತಡೆಯಲೂ ಇಲ್ಲ.

"ಗೊತ್ತಿದ್ದೂ ಮುಂದಿನ ಸಲ ಮತ್ತೆ ನನ್ನ ಕೈಗೇ ಯಾಕೆ ಫೋನು ಕೊಟ್ರಿ?" ಎಂದು ಕೇಳಿದೆ.

ಓಂಕಾರಣ್ಣನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಕೈಯಲ್ಲಿದ್ದ ಕಲ್ಲನ್ನು ಅಂಗಳದಾಚೆ ಎಸೆದರು.

"ಇನ್ಯಾರಿಗೆ ಕೊಡ್ಲಿ? ಆ ಬೀದೀಲಿ ಎಲ್ರಿಗೂ ಅರ್ಜೆಂಟೇ. ನಾನು ಮೇಲಿರುವಾಗ ಆ ಫೋನು ಒತ್ತಕ್ಕೆ ಹೆದ್ರೋರು ಇಡೀ ಊರಿಗೆ ನೀವೊಬ್ರೇ ಇದ್ರಿ."